ಹಿರಿಯ ವೃಕ್ಷವೂ ಕಿರಿಯ ಅಣುಜೀವಿಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಮಂಗಳ ಸಮಯದಲ್ಲಿ ವಿಜ್ಞಾನಕ್ಕೆ ಸಂಬಂಧಪಟ್ಟ ಯಾವುದಾದರೂ ಒಂದು ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದರು. ನಾನಾದರೋ ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಸಸ್ಯಶಾಸ್ತ್ರದ ಮೊದಲ ಪಾಠಗಳನ್ನು ಹೇಳಿಕೊಟ್ಟ ಒಬ್ಬ ಉಪಾಧ್ಯಾಯನೇ ಹೊರತು ಪಂಡಿತನಲ್ಲ. ಹಿರಿಯರ ಅಪ್ಪಣೆಯನ್ನು ಮೀರಲಾರದೆ ತಮ್ಮ ಮುಂದೆ ನಿಂತಿದ್ದೇನೆ. ತಪ್ಪಿದ್ದರೆ ತಾವು ತಿದ್ದಿಕೊಂಡು, ಒಪ್ಪಿದ್ದನ್ನು ಮಾತ್ರ ಸ್ವೀಕರಿಸಬೇಕೆಂದು ಬೇಡುತ್ತೇನೆ.

ಮಹೋತ್ಸವವೆಂಬುದು ವರ್ಷಗಳನ್ನು ಎಣಿಸುವ ಕಾಲ. ಒಂದು ಸಂಸ್ಥೆಯು ಇಷ್ಟು ವರ್ಷ ಬಾಳಿತು, ಮುಂದೆಯೂ ಬಾಳಲಿ ಎಂದು ನಾವೆಲ್ಲರೂ ಸಂತೋಷಪಡುತ್ತೇವೆ. ಹಾಗಾದರೆ ಬಾಳುವುದೆಂದರೇನು? ಬಾಳುವ ಬಗೆಗಳು ಎಷ್ಟು? ಈ ಪ್ರಶ್ನೆಗಳನ್ನು ಪ್ರಕೃತಿಯ ಮುಂದಿಟ್ಟು, ಅದು ಕೊಡುವ ಉತ್ತರವನ್ನು ಕೇಳಬಹುದೆಂದು ನನಗೆ ತೋರಿತು. ಅದಕ್ಕಾಗಿ ಎರಡು ಜೀವಿಗಳನ್ನು ಆರಿಸಿಕೊಂಡಿದ್ದೇನೆ. ಒಂದು, ಅಮೆರಿಕದ ಪಶ್ಚಿಮಭಾಗದ ಬೆಟ್ಟಗಳಲ್ಲಿ ಬೆಳೆಯುವ ಬ್ರಿಸಲ್‌ಕೋನ್ ಪೈನ್ ಎಂಬ ಮರ. ಇನ್ನೊಂದು, ಎಷೆರಿಷಿಯಾ ಕೋಲೈ ಎಂಬ ಬ್ಯಾಕ್ಟೀರಿಯಾ. ಮೊದಲನೆಯದು ನಮ್ಮಿಂದ ಅರ್ಧ ಭೂಮಂಡಲದಾಚೆಗಿದೆ. ಎರಡನೆಯದು ಈ ಸಭೆಯಲ್ಲಿ ಕುಳಿತಿರುವ ಹೆಚ್ಚುಕಡಿಮೆ ಎಲ್ಲರ ಕರುಳಿನಲ್ಲಿಯೂ ಈ ಕ್ಷಣದಲ್ಲಿಯೇ ವಾಸವಾಗಿದೆ.

ನಮ್ಮ ಹಿಂದಿನವರು ಜೀವಸೃಷ್ಟಿಯನ್ನು ಸ್ಥಾವರವೆಂದೂ ಜಂಗಮವೆಂದೂ ಎರಡಾಗಿ ವಿಂಗಡಿಸಿದರು. ಈ ಸಭೆಯಲ್ಲಿ ಆ ಎರಡು ಮಾತುಗಳಿಗೆ ಬೇರೆಯೇ ಆದ ಆಳವಾದ ಅರ್ಥವುಂಟೆಂಬುದನ್ನು ಬಲ್ಲೆ. ಅದನ್ನು ವಿವರಿಸುವ ಅಧಿಕಾರವು ನನಗಿಲ್ಲ. ನಿಂತಲ್ಲಿಯೇ ನಿಲ್ಲುವುದು ಸ್ಥಾವರ, ಚಲಿಸತಕ್ಕದ್ದು ಜಂಗಮ ಎಂಬ ಸಾಮಾನ್ಯಾರ್ಥದಲ್ಲಿಯೇ ಅವನ್ನು ಬಳಸುತ್ತೇನೆ. ಆ ಅರ್ಥದಲ್ಲಿ ನಮ್ಮ ಮರವು ಸ್ಥಾವರಗಳಲ್ಲೆಲ್ಲ ಸ್ಥಾವರ. ನಮ್ಮ ಅಣುಜೀವಿಯು ಜಂಗಮಗಳಲ್ಲೆಲ್ಲ ಜಂಗಮ.

ಮೊದಲು ಮರದ ವಿಚಾರ. ಹಿಮಾಲಯದ ದೇವದಾರುವಿನ ಹೆಸರನ್ನು ತಾವೆಲ್ಲ ಕೇಳಿರುತ್ತೀರಿ. ಸೂಜಿಯಂತಹ ಎಲೆಗಳುಳ್ಳ, ಹೂವು ಬಿಡದೆ ಶಂಕುವಿನಾಕಾರದ ಕಾಯಿಗಳಲ್ಲಿ ಬೀಜವನ್ನಿಡುವ ಮರಗಳ ಆ ದೊಡ್ಡ ವರ್ಗಕ್ಕೇ ಪೈನ್ ಮರಗಳೂ ಸೇರಿವೆ. ನಮ್ಮ ಕರಾವಳಿಯ ಗಾಳಿಮರವನ್ನು ಕಂಡು ಇದೂ ಅದೇ ವರ್ಗವೆಂದು ಹುಡುಗರು ಭ್ರಮಿಸುವುದುಂಟು. ಅದರ ತೋರಿಕೆ ಮಾತ್ರ ಹಾಗೆ. ಅದು ಹೂ ಬಿಡುವ ಮರಗಳ ಪಂಗಡಕ್ಕೆ ಸೇರಿದ್ದು. ಬ್ರಿಸಲ್‌ಕೋನ್ ಪೈನ್ ಮರದ ಶಂಕುವಿನ ಒಂದೊಂದು ಹೊಪ್ಪಳೆಯ ತುದಿಯಲ್ಲಿಯೂ ಮುಳ್ಳಿನಂತಹ ಒಂದು ಬಿರುಗೂದಲಿರುವುದರಿಂದ ಅದಕ್ಕೆ ಆ ಹೆಸರು ಬಂದಿತು.

ಕ್ಯಾಲಿಫೋರ್ನಿಯ, ನೆವಾಡ, ಯೂಟಾ ಎಂಬ ಮೂರು ಪ್ರಾಂತಗಳ ಉನ್ನತವಾದ ಬೆಟ್ಟಗಳಲ್ಲಿ ಈ ಮರವು ಬೆಳೆಯುವುದು. ಕ್ಯಾಲಿಫೋರ್ನಿಯದ ಶ್ವೇತಪರ್ವತಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು ೧೦,೦೦೦ ಅಡಿಗಳ ಮೇಲೆ, ಅದರ ಅತಿ ಹಿರಿಯ ತೋಪುಗಳಿವೆ. ಅಲ್ಲಿ ನೆಲವೆಲ್ಲ ಬಿಳಿಯ ಸುಣ್ಣಗಲ್ಲಿನ ಜಾತಿಯ ಕಲ್ಲು, ಸಾರವಿಲ್ಲದ ಮಣ್ಣು. ವರ್ಷಕ್ಕೆ ಬೀಳುವ ನೀರು ಸುಮಾರು ಹನ್ನೆರಡು ಅಂಗುಲ. ಅದರಲ್ಲಿಯೂ ಬಹುಪಾಲು ಹಿಮವಾಗಿ ಬೀಳುವುದು. ಗಾಳಿಯ ಹೊಡೆತವು ನಿರಂತರವಾದುದು. ಬೆಳೆಯುವುದಕ್ಕೆ ಅನುಕೂಲವಾದ ದಿನಗಳು ವರ್ಷದಲ್ಲಿ ಕೆಲವೇ ವಾರಗಳು. ಇಂತಹ ಸ್ಥಳದಲ್ಲಿ ಮರದ ಕಾಂಡವು ಒಂದು ಅಂಗುಲ ದಪ್ಪವಾಗುವುದಕ್ಕೆ ಕೆಲವೊಮ್ಮೆ ನೂರು ವರ್ಷಗಳು ಹಿಡಿಯುವುವು. ಒಮ್ಮೆ ಬಿಟ್ಟ ಸೂಜಿಯೆಲೆಯನ್ನು ಅದು ಮೂವತ್ತು ನಲವತ್ತು ವರ್ಷಗಳವರೆಗೆ ಉದುರಿಸದೆ ಕಾಪಾಡಿಕೊಳ್ಳುವುದು. ಬಡವನಾದ ಗೃಹಸ್ಥನು ಒಂದೇ ವಸ್ತ್ರವನ್ನು ಜೋಪಾನಮಾಡಿ ಉಡುವಂತೆ ಇದು.

ಅರಿಜೋನ ವಿಶ್ವವಿದ್ಯಾನಿಲಯದ ಎಡ್ಮಂಡ್ ಷುಲ್ಮನ್ ಎಂಬ ವಿದ್ವಾಂಸರು ೧೯೫೩ರಿಂದ ಈ ತೋಪುಗಳಲ್ಲಿ ಸುತ್ತಾಡಿ ಮರಗಳ ವಯಸ್ಸನ್ನು ಎಣಿಸಿದರು. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಕೂಡುವುದಷ್ಟೆ. ಟೊಳ್ಳಾದ ಒಂದು ಬೈರಿಗೆಯಿಂದ ಸೀಸದ ಕಡ್ಡಿಯಷ್ಟು ತೆಳುವಾದ ತಿರುಳನ್ನು ತೆಗೆದು, ಮರವನ್ನು ಕೊಲ್ಲದೆಯೇ ಆ ಬಳೆಗಳನ್ನು ಎಣಿಸಬಹುದು. ೧೯೫೭ರಲ್ಲಿ ಅವರು ಎಣಿಸಿದ ಒಂದು ಮರದಲ್ಲಿ ೪,೭೮೯ ಬಳೆಗಳು ಕಂಡುಬಂದುವು. ಬೈಬಲ್ಲಿನಲ್ಲಿ ಬರುವ ದೀರ್ಘಾಯುವಾದ ವೃದ್ಧನ ಹೆಸರಿನಿಂದ ಅದನ್ನು ಮೆಥೂಸೆಲ ಎಂದು ಕರೆದರು. ಆ ಮರವು ಇಂದಿಗೂ ಜೀವದಿಂದಿದೆ. ಜನರ ಕೈಯಿಂದ ಅಪಾಯವಾದೀತೆಂದು ಅದು ತೋಪಿನಲ್ಲಿ ಯಾವುದೆಂಬುದನ್ನು ಅಲ್ಲಿಯ ಅರಣ್ಯದ ಅಧಿಕಾರಿಗಳು ತೋರಿಸಿಕೊಡುವುದಿಲ್ಲ. ತಾವು ಲೆಕ್ಕಹಾಕಿ ನೋಡಬೇಕು: ಸಿಂಧೂ ಕಣಿವೆಯ ನಗರಗಳು ತಮ್ಮ ಪೂರ್ಣವೈಭವಕ್ಕೆ ಬರುವುದಕ್ಕೆ ಮುಂಚೆಯೇ ಆ ಬೀಜವು ಮೊಳೆತಿತ್ತು. ಕಲ್ಯಾಣದಲ್ಲಿ ಶರಣರು ಬಾಳಿದ ಹನ್ನೆರಡನೆಯ ಶತಮಾನದಲ್ಲಿ ಅದಕ್ಕೆ ಆಗಲೇ ಸುಮಾರು ನಾಲ್ಕು ಸಾವಿರ ವರ್ಷಗಳಾಗಿದ್ದುವು. ಅದರ ವಯಸ್ಸನ್ನು ಕಂಡುಹಿಡಿದ ಷುಲ್ಮನ್ನರಾದರೋ ೧೯೫೮ರಲ್ಲಿ, ಐವತ್ತು ವರ್ಷ ತುಂಬುವುದಕ್ಕೆ ಮುಂಚೆಯೇ ತೀರಿಕೊಂಡರು.

ಷುಲ್ಮನ್ನರು ಕಂಡುಕೊಂಡ ಇನ್ನೊಂದು ಸಂಗತಿಯು ಇದಕ್ಕಿಂತಲೂ ಆಶ್ಚರ್ಯಕರವಾದುದು. ಒಳ್ಳೆಯ ಮಣ್ಣು, ಸಾಕಷ್ಟು ನೀರು ಇರುವೆಡೆಯಲ್ಲಿ ಬೆಳೆದ ಮರಗಳು ಎತ್ತರವಾಗಿ, ಸೊಂಪಾಗಿ ಬೆಳೆದು ಬೇಗ ಸಾಯುವುವು. ಕಷ್ಟದ ನೆಲದಲ್ಲಿ ಬೆಳೆದು ಕುಳ್ಳಾದ, ತಿರುಚಿಕೊಂಡ ಮರಗಳೇ ಸಾವಿರಾರು ವರ್ಷ ಬಾಳುವುವು. ನಿಧಾನವಾಗಿ ಬೆಳೆದ ಮರದ ದಾರುವು ಅಂಟಿನಿಂದ ತುಂಬಿ ಕಲ್ಲಿನಂತೆ ಗಟ್ಟಿಯಾಗಿರುವುದರಿಂದ ಹುಳುವಾಗಲಿ ಬೂಷ್ಟಾಗಲಿ ಅದರೊಳಗೆ ಸುಲಭವಾಗಿ ಹೋಗಲಾರದು. ಮರಗಳು ದೂರ ದೂರ ನಿಂತು ನಡುವೆ ಹುಲ್ಲಿಲ್ಲದ್ದರಿಂದ ಕಾಡುಗಿಚ್ಚು ಹಬ್ಬಲಾರದು. ಬರ ಬಂದರೆ, ಗಾಳಿ ಕಿತ್ತರೆ, ಮರವು ತನ್ನ ದೇಹದ ಒಂದೊಂದು ಭಾಗವನ್ನೇ ಸಾಯಗೊಡುವುದು. ಅತಿ ಹಿರಿಯ ಮರಗಳಲ್ಲಿ ಕಾಂಡದ ಹೆಚ್ಚು ಭಾಗವು ಒಣಗಿದ ಬೋಳು ಮರವಾಗಿರುವುದು. ಒಂದು ಪಕ್ಕದಲ್ಲಿ ಕೈಯಗಲದ ತೊಗಟೆಯ ಪಟ್ಟಿಯೊಂದು ಬೇರಿನಿಂದ ಒಂದೆರಡು ಕೊಂಬೆಗಳವರೆಗೆ ಹಬ್ಬಿ, ಅಷ್ಟರಲ್ಲಿಯೇ ಜೀವವು ಹರಿಯುತ್ತಿರುವುದು. ನೂರರಲ್ಲಿ ತೊಂಬತ್ತನ್ನು ಬಿಟ್ಟುಕೊಟ್ಟು ಹತ್ತನ್ನು ಉಳಿಸಿಕೊಳ್ಳುವ ಸಂಯಮವೇ ಆ ಮರದ ಆಯುಸ್ಸಿನ ಗುಟ್ಟು.

ಇನ್ನು ಅಣುಜೀವಿಯ ವಿಚಾರ. ೧೮೮೫ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಥಿಯೊಡೋರ್ ಎಷೆರಿಷ್ ಎಂಬ ಮಕ್ಕಳ ವೈದ್ಯರು ಹಸುಗೂಸುಗಳ ಮಲವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದಾಗ ಕೋಲಿನಾಕಾರದ ಈ ಜೀವಿಯನ್ನು ಕಂಡು ವರ್ಣಿಸಿದರು. ಅವರ ಹೆಸರೇ ಅದಕ್ಕೆ ನಿಂತಿತು. ಅದರ ಉದ್ದ ಒಂದು ಮಿಲಿಮೀಟರಿನ ಐನೂರರಲ್ಲೊಂದು ಪಾಲು. ಮೈಯಿಂದ ಹೊರಟ ನೂಲಿನಂತಹ ಬಾಲಗಳನ್ನು ತಿರುಗಣಿಯಂತೆ ತಿರುಗಿಸಿ, ತನ್ನ ಮೈಯುದ್ದದ ಹತ್ತು ಪಾಲು ದೂರವನ್ನು ಒಂದು ಸೆಕೆಂಡಿನಲ್ಲಿ ಈಜುವುದು. ನೇರವಾಗಿ ಸ್ವಲ್ಪ ಹೊತ್ತು ಓಡಿ, ತಟಕ್ಕನೆ ಪಲ್ಟಿಹೊಡೆದು, ಬೇರೊಂದು ದಿಕ್ಕು ಹಿಡಿಯುವುದು. ಆಹಾರವು ಹೆಚ್ಚುತ್ತಿದ್ದರೆ ಪಲ್ಟಿಗಳು ಕಡಿಮೆಯಾಗುವುವು. ಕಣ್ಣಿಲ್ಲದ, ಮಿದುಳಿಲ್ಲದ ಈ ಜೀವಿಯು ಅಷ್ಟರಿಂದಲೇ ತನ್ನ ಅನ್ನದ ದಾರಿಯನ್ನು ಕಂಡುಕೊಳ್ಳುವುದು.

ಬ್ಯಾಕ್ಟೀರಿಯಾ ಎಂದೊಡನೆ ರೋಗವೆಂದು ಹೆದರಬೇಕಾಗಿಲ್ಲ. ಈ ಜೀವಿಯ ಬಹುಪಾಲು ಬಗೆಗಳು ನಮ್ಮ ಕರುಳಿನಲ್ಲಿ ನಿರಪಾಯವಾಗಿ ಬಾಳಿ, ಕೆ ಎಂಬ ಜೀವಸತ್ತ್ವವನ್ನೂ ಸ್ವಲ್ಪಮಟ್ಟಿಗೆ ತಯಾರಿಸಿ ನಮಗೆ ಬಾಡಿಗೆ ಸಲ್ಲಿಸುವುವು. ಕೆಲವು ಬಗೆಗಳು ಮಾತ್ರ ಅತಿಸಾರವನ್ನು ತರುವುವು. ಮೂತ್ರಕೋಶವನ್ನು ಸೇರಿದರೆ ಉರಿಮೂತ್ರದ ಬೇನೆಗೆ ಕಾರಣವಾಗುವುವು. ೧೯೭೮ರಲ್ಲಿ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನನ್ನು ತಯಾರಿಸುವ ವಿದ್ಯೆಯನ್ನು ಇದಕ್ಕೇ ಕಲಿಸಿದರು. ೧೯೮೨ರಿಂದ ಆ ಇನ್ಸುಲಿನ್ನು ಸಿಹಿಮೂತ್ರದ ರೋಗಿಗಳಿಗೆ ಔಷಧವಾಗಿ ದೊರೆಯಿತು. ಈ ಸಭೆಯಲ್ಲಿಯೂ ಆ ಉಪಕಾರವನ್ನು ಪಡೆದವರು ಇದ್ದಾರು.

ಆಹಾರವೂ ಶಾಖವೂ ಸರಿಯಾಗಿದ್ದರೆ ಇದು ಇಪ್ಪತ್ತು ನಿಮಿಷಕ್ಕೊಮ್ಮೆ ಒಡೆದು ಎರಡಾಗುವುದು. ಗಂಟೆಗೆ ಒಂದು ಎಂಟಾಗುವುದು. ಏಳು ಗಂಟೆಗಳಲ್ಲಿ ಇಪ್ಪತ್ತು ಲಕ್ಷವನ್ನು ಮೀರುವುದು. ತಡೆಯೇ ಇಲ್ಲದೆ ಒಂದು ಹಗಲು ಒಂದು ರಾತ್ರಿ ಹೀಗೆ ನಡೆದರೆ ಆ ಒಂದೇ ಜೀವಿಯ ಸಂತಾನದ ತೂಕವು ನಾಲ್ಕು ಸಾವಿರ ಟನ್ನುಗಳಿಗೂ ಹೆಚ್ಚಾಗಬೇಕು! ಹಾಗಾಗುವುದಿಲ್ಲ. ಅನ್ನವು ಮುಗಿಯುವುದು, ತಾವೇ ವಿಸರ್ಜಿಸಿದ ಕಲ್ಮಷವು ತಮಗೇ ವಿಷವಾಗುವುದು. ಕೋಟ್ಯನುಕೋಟಿಯಾಗಿ ಹುಟ್ಟಿದ್ದು ಕೋಟ್ಯನುಕೋಟಿಯಾಗಿಯೇ ಸಾಯುವುದು. ಮರವು ಒಂದು ಸೂಜಿಯೆಲೆಯನ್ನು ಕಾಪಾಡುವ ಕಾಲದಲ್ಲಿ ಇಲ್ಲಿ ಲಕ್ಷಾಂತರ ತಲೆಮಾರುಗಳು ಸಂದುಹೋಗಬಹುದು.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ. ಪ್ರತಿಯೊಂದು ಜೀವಿಯ ಕಣದೊಳಗೂ ಅದರ ಕುಲದ ವಿಧಿಯನ್ನು ಬರೆದಿಟ್ಟ ಗ್ರಂಥವೊಂದಿರುವುದು. ಅದರ ಲಿಪಿಯಲ್ಲಿ ನಾಲ್ಕೇ ಅಕ್ಷರಗಳು. ನಮ್ಮ ಅಣುಜೀವಿಯ ಗ್ರಂಥವನ್ನು ೧೯೯೭ರಲ್ಲಿ ಪೂರ್ಣವಾಗಿ ಓದಿದರು; ಅದರಲ್ಲಿ ಸುಮಾರು ೪೬ ಲಕ್ಷ ಅಕ್ಷರಗಳಿದ್ದುವು. ಶಂಕುಮರಗಳ ವರ್ಗದಲ್ಲಿ ನಾರ್ವೆ ಸ್ಪ್ರೂಸ್ ಎಂಬ ಮರದ ಗ್ರಂಥವನ್ನು ೨೦೧೩ರಲ್ಲಿ ಓದಿದಾಗ ಸುಮಾರು ೨,೦೦೦ ಕೋಟಿ ಅಕ್ಷರಗಳು ಕಂಡುವು. ಒಂದು ಪುಟಕ್ಕೆ ೨,೦೦೦ ಅಕ್ಷರಗಳಂತೆ ಅಚ್ಚುಹಾಕಿದರೆ ಅಣುಜೀವಿಯದು ೨,೩೦೦ ಪುಟಗಳ ಹೊತ್ತಗೆ, ಮರದ್ದು ಒಂದು ಕೋಟಿ ಪುಟಗಳ ಭಂಡಾರ. ಮನುಷ್ಯನ ಗ್ರಂಥವೂ ಅದರ ಆರೇಳು ಪಾಲಿನಲ್ಲಿ ಒಂದು ಪಾಲು ಮಾತ್ರ. ಆದರೆ ಪುಟಗಳಿಂದ ವಿದ್ವತ್ತನ್ನು ಅಳೆಯಬಾರದು. ಕೆಲಸಕ್ಕೆ ಬರುವ ವಿಧಿವಾಕ್ಯಗಳನ್ನು ಮಾತ್ರ ಎಣಿಸಿದರೆ ಅಣುಜೀವಿಯಲ್ಲಿ ನಾಲ್ಕು ಸಾವಿರಕ್ಕೆ ಮೇಲ್ಪಟ್ಟು, ಮರದಲ್ಲಿ ಸುಮಾರು ಇಪ್ಪತ್ತೆಂಟು ಸಾವಿರ. ಅಂದರೆ ಆರೇಳು ಮಡಿ ಮಾತ್ರ. ಉಳಿದುದರಲ್ಲಿ ಬಹುಭಾಗವು ಹಿಂದೆಂದೋ ನಕಲಾಗಿ, ಮತ್ತೆ ಮತ್ತೆ ನಕಲಾಗಿ, ಯಾರೂ ತೆಗೆದುಹಾಕದೆ ಉಳಿದುಬಂದ ಓಲೆಗಳು. ಮರವು ಯಾವುದನ್ನೂ ಬಿಸಾಡದ ಹಳೆಯ ಮನೆಯ ಅಟ್ಟ. ಅಣುಜೀವಿಯು ಗಂಟನ್ನು ಹಗುರಮಾಡಿಕೊಂಡು ಹೊರಟ ದಾರಿಗ.

ಮುಪ್ಪಿನ ವಿಷಯದಲ್ಲಿ ನಮ್ಮ ನಿರೀಕ್ಷೆಯು ತಲೆಕೆಳಗಾಗುವುದು. ಹಳೆಯ ಮರವು ಮುಪ್ಪಿನಿಂದ ಜೀರ್ಣವಾಗಿರಬೇಕು, ಸದಾ ಹೊಸದಾಗಿ ಹುಟ್ಟುತ್ತಿರುವ ಅಣುಜೀವಿಗೆ ಮುಪ್ಪೇ ಇರಬಾರದು ಎಂದು ಯಾರಾದರೂ ಹೇಳಿಯಾರು. ೨೦೦೧ರಲ್ಲಿ ಲಾನರ್ ಮತ್ತು ಕಾನರ್ ಎಂಬ ಇಬ್ಬರು ವಿದ್ವಾಂಸರು ೨೩ ವರ್ಷದ ಎಳೆಯ ಮರದಿಂದ ಹಿಡಿದು ೪,೭೧೩ ವರ್ಷದ ಹಳೆಯ ಮರದವರೆಗೆ ಬ್ರಿಸಲ್‌ಕೋನ್ ಮರಗಳ ಪರಾಗವನ್ನೂ ಬೀಜವನ್ನೂ ಚಿಗುರಿನ ಬೆಳವಣಿಗೆಯನ್ನೂ ಹೋಲಿಸಿ ನೋಡಿ, ವಯಸ್ಸಿನಿಂದ ಅವು ಕುಂದಿರುವ ಗುರುತು ಕಾಣಲಿಲ್ಲವೆಂದು ಬರೆದರು. ಮರವು ಸಾಯುವುದುಂಟು. ಸಿಡಿಲಿನಿಂದ, ಮಣ್ಣು ಕೊಚ್ಚಿ ಬೇರು ಬಯಲಾಗುವುದರಿಂದ, ಬರದಿಂದ ಸಾಯುವುದು. ಬರಿಯ ವಯಸ್ಸೇ ಅದನ್ನು ಕೊಲ್ಲುವಂತೆ ತೋರುವುದಿಲ್ಲ.

ಅಣುಜೀವಿಯಾದರೋ ನಡುವೆ ಗೋಡೆ ಹುಟ್ಟಿ ಎರಡಾಗುವುದಷ್ಟೆ. ಆಗ ಪ್ರತಿಯೊಂದು ಮರಿಗೂ ಒಂದು ತುದಿ ಈಗ ಹುಟ್ಟಿದ್ದು, ಒಂದು ತುದಿ ಹಿಂದಿನಿಂದ ಬಂದದ್ದು. ೨೦೦೫ರಲ್ಲಿ ಎರಿಕ್ ಸ್ಟೂವರ್ಟ್ ಮತ್ತು ಅವರ ಸಂಗಡಿಗರು ಸಾವಿರಾರು ಕಣಗಳ ವಂಶಾವಳಿಯನ್ನು ಚಿತ್ರದಲ್ಲಿ ಹಿಡಿದು ನೋಡಿದಾಗ, ಹಳೆಯ ತುದಿಯನ್ನೇ ಮತ್ತೆ ಮತ್ತೆ ಪಡೆದುಕೊಂಡು ಬಂದ ಕಣವು ನಿಧಾನವಾಗಿ ಬೆಳೆಯುತ್ತ, ಸಾವಿಗೆ ಹತ್ತಿರವಾಗುತ್ತ ಹೋಗುವುದು ಕಂಡಿತು. ೨೦೧೦ರಲ್ಲಿ ಬೇರೊಂದು ಪ್ರಯೋಗಶಾಲೆಯವರು ಬೆಳೆಯುವ ವೇಗವು ಕುಂದುವುದಿಲ್ಲವೆಂದು ಕಂಡರೂ, ಹಳೆಯ ತುದಿಯ ಕಣವು ಸಾಯುವ ಸಂಭವವು ಹೆಚ್ಚುತ್ತ ಹೋಗುವುದೆಂಬುದನ್ನು ಒಪ್ಪಿದರು. ಆಗತಾನೆ ಹುಟ್ಟಿದ ಕಣಕ್ಕೂ ಮುಪ್ಪಿನ ಪಾಲು ಬಂದಿರಬಹುದೆಂದಾಯಿತು. ಆದುದರಿಂದ ಆಯುಸ್ಸಿನ ವರ್ಷಗಳನ್ನು ಎಣಿಸಿ ಮುಪ್ಪನ್ನು ಅಳೆಯುವುದು ಜೀವಲೋಕದಲ್ಲೆಲ್ಲ ಸಲ್ಲುವ ಅಳತೆಯಲ್ಲ.

ಹಾಗಾದರೆ ಇವೆರಡರ ನಿಜವಾದ ಭೇದವೇನು? ಮರಕ್ಕೆ ತಾಳುವ ಶಕ್ತಿಯಿದೆ; ಅಣುಜೀವಿಗೆ ಬದಲಾಗುವ ಶಕ್ತಿಯಿದೆ. ಮರವು ಒಂದೇ ದೇಹದಲ್ಲಿ ನಿಂತು ಕಾಲವನ್ನು ತನ್ನ ಮೈಯಲ್ಲಿ ಬರೆದಿಟ್ಟುಕೊಳ್ಳುವುದು. ಸತ್ತು ಬಿದ್ದ ಮರಗಳ ಬಳೆಗಳನ್ನೂ ಜೀವಂತ ಮರಗಳ ಬಳೆಗಳಿಗೆ ಹೊಂದಿಸಿ ವಿದ್ವಾಂಸರು ಏಳು ಸಾವಿರ ವರ್ಷಗಳಿಗೂ ಮೀರಿದ ಪಂಚಾಂಗವನ್ನು ರಚಿಸಿದ್ದಾರೆ. ಪುರಾತನ ವಸ್ತುಗಳ ಕಾಲವನ್ನು ಇಂಗಾಲದಿಂದ ನಿರ್ಣಯಿಸುವ ಕ್ರಮವು ೧೯೪೯ರಲ್ಲಿ ಬಳಕೆಗೆ ಬಂದಿತಷ್ಟೆ. ಆ ಲೆಕ್ಕವು ಅತಿ ಹಳೆಯ ವಸ್ತುಗಳ ವಿಷಯದಲ್ಲಿ ಕೆಲವು ನೂರು ವರ್ಷ ತಪ್ಪುತ್ತಿದ್ದುದನ್ನು ೧೯೬೦ರ ದಶಕದಲ್ಲಿ ತಿದ್ದಿಕೊಟ್ಟ ಸಾಕ್ಷಿಯು ಈ ಮರಗಳದೇ. ಅದರಿಂದಾಗಿ ಪಶ್ಚಿಮ ಯೂರೋಪಿನ ಕೆಲವು ಕಲ್ಗೋರಿಗಳು ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯವೆಂದು ಸಿದ್ಧವಾಯಿತು. ಒಂದು ಮರದ ಸಾಕ್ಷ್ಯವು ಖಂಡವೊಂದರ ಪೂರ್ವಚರಿತ್ರೆಯನ್ನೇ ತಿದ್ದಿತು.

ಅಣುಜೀವಿಯು ಬದಲಾಗುವ ಬಗೆಯನ್ನು ನೋಡಬೇಕಾದರೆ ರಿಚರ್ಡ್ ಲೆನ್ಸ್ಕಿ ಎಂಬ ಅಮೆರಿಕದ ವಿಜ್ಞಾನಿಗಳ ಪ್ರಯೋಗವನ್ನು ನೋಡಬೇಕು. ೧೯೮೮ರ ಫೆಬ್ರವರಿ ೨೪ರಂದು ಅವರು ಒಂದೇ ಮೂಲದ ಎಷೆರಿಷಿಯಾ ಕೋಲೈಯನ್ನು ಹನ್ನೆರಡು ಗಾಜಿನ ಕುಪ್ಪಿಗಳಿಗೆ ಬಿಟ್ಟರು. ಕುಪ್ಪಿಯಲ್ಲಿ ಅಳತೆಯಿಟ್ಟ ಸ್ವಲ್ಪ ಸಕ್ಕರೆ. ಪ್ರತಿದಿನವೂ ನೂರರಲ್ಲಿ ಒಂದು ಪಾಲನ್ನು ಹೊಸ ಕುಪ್ಪಿಗೆ ಬದಲಾಯಿಸುವುದು. ಐನೂರು ತಲೆಮಾರುಗಳಿಗೊಮ್ಮೆ ಸ್ವಲ್ಪವನ್ನು ಹೆಪ್ಪುಗಟ್ಟಿಸಿ ಕಾದಿಡುವುದು. ಹಾಗೆ ಇಟ್ಟದ್ದನ್ನು ಮತ್ತೆ ಬದುಕಿಸಬಹುದು. ಮೊಮ್ಮಕ್ಕಳನ್ನು ಮುತ್ತಜ್ಜನ ಎದುರು ನಿಲ್ಲಿಸಿ ಓಡಿಸಿ ನೋಡಬಹುದು. ೨೦೨೨ರ ಹೊತ್ತಿಗೆ ೭೫,೦೦೦ ತಲೆಮಾರುಗಳು ಕಳೆದಿದ್ದುವು. ಮನುಷ್ಯರ ತಲೆಮಾರಿಗೆ ಇಪ್ಪತ್ತೈದು ವರ್ಷವೆಂದರೆ ಇದು ಹದಿನೆಂಟು ಲಕ್ಷ ವರ್ಷಗಳಿಗೆ ಮೇಲಾಯಿತು. ಆ ಕುಪ್ಪಿಗಳ ದ್ರವದಲ್ಲಿ ನಿಂಬೆಯ ಹುಳಿಯ ಜಾತಿಯ ಸಿಟ್ರೇಟ್ ಎಂಬ ವಸ್ತುವೂ ಇದ್ದಿತು. ಗಾಳಿಯಿರುವೆಡೆಯಲ್ಲಿ ಅದನ್ನು ತಿನ್ನಲು ಈ ಜೀವಿಗೆ ಬಾರದು. ೨೦೦೩ರಲ್ಲಿ, ಮೂವತ್ತೊಂದು ಸಾವಿರಕ್ಕೂ ಮಿಕ್ಕ ತಲೆಮಾರುಗಳಾದ ಮೇಲೆ, ಹನ್ನೆರಡರಲ್ಲಿ ಒಂದು ಕುಪ್ಪಿಯ ಸಂತತಿಯು ಅದನ್ನು ತಿನ್ನಲು ಕಲಿತುಬಿಟ್ಟಿತು. ಬಡಿಸಿದ ಎಲೆಯ ಮೇಲೆ ಸಾವಿರಾರು ದಿನ ಮುಟ್ಟದೆ ಬಿಟ್ಟಿದ್ದ ಪದಾರ್ಥವು ಒಂದು ದಿನ ಅನ್ನವಾಯಿತು.

ಮಹನೀಯರೆ, ಇಲ್ಲಿಯವರೆಗೆ ಹೇಳಿದ್ದು ಪ್ರಕೃತಿಯ ಕಥೆ. ಇನ್ನು ಮನುಷ್ಯನ ತಪ್ಪಿನ ಕಥೆಯನ್ನು ಹೇಳಬೇಕಾಗಿದೆ. ನನ್ನ ಮಾತಿನ ತಿರುಳೂ ಅದೇ. ನಾವು ಎಪ್ಪತ್ತು ಎಂಬತ್ತು ವರ್ಷ ಬದುಕುವವರು. ಆ ಅಳತೆಗೋಲನ್ನೇ ಎಲ್ಲದಕ್ಕೂ ಹಿಡಿಯುತ್ತೇವೆ. ಅದಕ್ಕಿಂತ ಬಹಳ ನಿಧಾನವಾದುದು ನಮಗೆ ಜಡವಾಗಿ ಕಾಣುವುದು; ಬಹಳ ಶೀಘ್ರವಾದುದು ಕಣ್ಣಿಗೇ ಬೀಳದು. ಈ ಎರಡು ಕುರುಡುಗಳಿಂದ ಎರಡು ಬಗೆಯ ಹಾನಿಗಳಾಗಿವೆ.

ಮೊದಲನೆಯದು ೧೯೬೪ರ ಆಗಸ್ಟಿನಲ್ಲಿ ನಡೆಯಿತು. ನೆವಾಡದ ವೀಲರ್ ಶಿಖರದ ಪಕ್ಕದಲ್ಲಿ ಡೊನಾಲ್ಡ್ ಕರಿ ಎಂಬ ತರುಣ ವಿದ್ಯಾರ್ಥಿಯು ಹಿಂದಿನ ಕಾಲದ ಹಿಮನದಿಗಳ ವಿಚಾರವನ್ನು ಸಂಶೋಧಿಸುತ್ತಿದ್ದನು. ಅದಕ್ಕಾಗಿ ಹಳೆಯ ಬ್ರಿಸಲ್‌ಕೋನ್ ಮರಗಳ ಬಳೆಗಳನ್ನು ಎಣಿಸಬೇಕಾಯಿತು. ಒಂದು ಮರದ ವಿಷಯದಲ್ಲಿ ಬೈರಿಗೆಯಿಂದ ಕೆಲಸವಾಗಲಿಲ್ಲವೆಂದೂ ಹಾಗಲ್ಲವೆಂದೂ ಹೇಳಿಕೆಗಳು ಹಲವಾಗಿವೆ. ಹೇಗೂ ಅರಣ್ಯಾಧಿಕಾರಿಗಳ ಅನುಮತಿಯನ್ನು ಪಡೆದೇ ಆ ಮರವನ್ನು ಕಡಿಸಿದರು. ಕಡಿದ ಮೇಲೆ ಎಣಿಸಿದರೆ ೪,೮೬೨ ಬಳೆಗಳು! ಅಂದಿನವರೆಗೆ ವಯಸ್ಸು ತಿಳಿದಿದ್ದ ಮರಗಳಲ್ಲೆಲ್ಲ ಹಿರಿಯದು ಅದೇ ಆಗಿತ್ತು. ಬೆಟ್ಟ ಹತ್ತುವವರು ಅದನ್ನು ಪ್ರೊಮೀಥಿಯಸ್ ಎಂಬ ಹೆಸರಿನಿಂದ ಮೊದಲೇ ಗುರುತಿಸಿದ್ದರು. ಆ ತರುಣನಲ್ಲಿ ದುರುದ್ದೇಶವೇನೂ ಇರಲಿಲ್ಲ. ಜ್ಞಾನಕ್ಕಾಗಿಯೇ ಕೇಳಿದನು, ನ್ಯಾಯವಾಗಿಯೇ ಅನುಮತಿ ಪಡೆದನು. ನನ್ನನ್ನು ಬಹಳವಾಗಿ ಕಾಡುವ ಸಂಗತಿಯು ಇದೇ. ಕೆಟ್ಟವರಿಲ್ಲದೆಯೂ ಕೇಡಾಗುವುದು. ಸುಮಾರು ಐದು ಸಾವಿರ ವರ್ಷ ಬರ ಗಾಳಿಗಳಿಗೆ ಜಗ್ಗದೆ ನಿಂತದ್ದನ್ನು ಕೆಡವಲು ಒಂದು ದಿನದ ಕೆಲಸ ಸಾಕಾಯಿತು. ಮತ್ತೊಂದನ್ನು ಬೆಳೆಸೋಣವೆಂದರೆ ಐದು ಸಾವಿರ ವರ್ಷಗಳನ್ನು ತರುವವರು ಯಾರು? ೧೯೮೬ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವಾಗಿ ಮಾಡಿ ಕಾಪಾಡಿದರು. ಈಚಿನ ವರ್ಷಗಳಲ್ಲಿ ತಾಪವೇರಿ ಬರಗಾಲದಿಂದ ಬಲಗುಂದಿದ ಬ್ರಿಸಲ್‌ಕೋನ್ ಮರಗಳನ್ನು ಕೆಲವೆಡೆಗಳಲ್ಲಿ ತೊಗಟೆಯ ಹುಳುಗಳು ಕೊಂದಿರುವ ವರದಿಯು ೨೦೨೨ರಲ್ಲಿ ಪ್ರಕಟವಾಗಿದೆ. ಅಲ್ಲಿಯೂ ನಮ್ಮ ಅವಸರದ ಬಾಳಿನ ಹೊಗೆಯು ಆ ನಿಧಾನಜೀವಿಯನ್ನು ಹಿಂಬಾಲಿಸಿದೆ. ತಾಳುವ ಶಕ್ತಿಯು ಎಷ್ಟೇ ದೊಡ್ಡದಾಗಿದ್ದರೂ, ಒಂದು ನೂರು ವರ್ಷದಲ್ಲಿ ಲೋಕವೇ ಬದಲಾದರೆ, ಒಂದು ಅಂಗುಲ ಬೆಳೆಯಲು ನೂರು ವರ್ಷ ಬೇಕಾದ ಮರವು ಹೇಗೆ ಬದಲಾದೀತು?

ಎರಡನೆಯ ಹಾನಿಯು ನಮ್ಮ ಮನೆಗಳಲ್ಲಿಯೇ ನಡೆಯುತ್ತಿರುವುದು. ಪೆನಿಸಿಲಿನ್ನು ಜಗತ್ತಿನಲ್ಲಿ ಔಷಧವಾಗಿ ಹರಡುವುದಕ್ಕೆ ಮುಂಚೆಯೇ, ೧೯೪೦ರಲ್ಲಿ, ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೈನ್ ಎಂಬ ವಿದ್ವಾಂಸರು ಪೆನಿಸಿಲಿನ್ನನ್ನು ಕೆಡಿಸುವ ಒಂದು ವಸ್ತುವನ್ನು ನಮ್ಮ ಈ ಕರುಳಿನ ಅಣುಜೀವಿಯಲ್ಲಿಯೇ ಕಂಡಿದ್ದರು. ಅಂಬನ್ನು ಬಿಡುವ ಮೊದಲೇ ಎದುರಾಳಿಯ ಕೈಯಲ್ಲಿ ಗುರಾಣಿಯಿದ್ದಿತು! ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗರೂ ೧೯೪೫ರಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸಿದಾಗಲೇ, ಸಾಲದಷ್ಟು ಪ್ರಮಾಣದಲ್ಲಿ ಅದನ್ನು ಸೇವಿಸಿದರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುವುವೆಂದು ಎಚ್ಚರಿಸಿದರು. ಅಣುಜೀವಿಗಳು ಕಲಿತ ವಿದ್ಯೆಯನ್ನು ಮಕ್ಕಳಿಗೆ ಮಾತ್ರವಲ್ಲದೆ ನೆರೆಯವರಿಗೂ ಹಂಚುವುವು. ಅವು ಒಂದರಿಂದೊಂದಕ್ಕೆ ಗ್ರಂಥದ ಹಾಳೆಗಳನ್ನು ದಾಟಿಸುವುದನ್ನು ೧೯೪೬ರಲ್ಲಿ ಲೆಡರ್‌ಬರ್ಗ್ ಮತ್ತು ಟೇಟಮ್ ಎಂಬವರು ಈ ಜೀವಿಯಲ್ಲಿಯೇ ತೋರಿಸಿದರು.

ಈ ವಿಷಯದಲ್ಲಿ ಪರರ ತಪ್ಪನ್ನು ಹೇಳುವುದಕ್ಕೆ ಮುಂಚೆ ನನ್ನದನ್ನು ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ನನಗೆ ಉರಿಮೂತ್ರದ ಬೇನೆ ಬಂದಾಗ ವೈದ್ಯರು ಏಳು ದಿನಕ್ಕೆ ಗುಳಿಗೆಗಳನ್ನು ಕೊಟ್ಟರು. ಮೂರನೆಯ ದಿನಕ್ಕೆ ಹಾಯೆನಿಸಿತು. ಉಳಿದುವನ್ನು ಮಿತವ್ಯಯವೆಂದು ಗೂಡಿನಲ್ಲಿಟ್ಟೆ. ತಿಂಗಳೆರಡು ಕಳೆದು ನೆಗಡಿ ಬಂದಾಗ ಅವನ್ನೇ ನುಂಗಿದೆ. ನೆಗಡಿಯು ಬ್ಯಾಕ್ಟೀರಿಯಾದಿಂದ ಬಂದುದಲ್ಲ, ವೈರಸ್ಸಿನಿಂದ ಬಂದುದು. ಅದಕ್ಕೆ ಆ ಗುಳಿಗೆಯು ತಾಕಲೇ ಇಲ್ಲ. ತಾಕಿದ್ದು ಕರುಳಿನಲ್ಲಿದ್ದ ಅಣುಜೀವಿಗಳಿಗೆ. ಅವುಗಳಲ್ಲಿ ಸಾಧುಗಳು ಸತ್ತುವು. ಗಟ್ಟಿಗರು ಉಳಿದು ಹೆಚ್ಚಿದರು. ಹಳೆಯ ಬೇನೆಯು ಮರುಕಳಿಸಿದಾಗ ಮೊದಲಿನ ಗುಳಿಗೆಯು ಫಲಿಸಲಿಲ್ಲ. “ಮೇಷ್ಟ್ರೇ, ಹುಡುಗರಿಗೆ ಪಾಠ ಹೇಳುವವರು ನೀವು, ಈಗ ರೋಗಾಣುಗಳಿಗೂ ಪಾಠ ಹೇಳಿಬಿಟ್ಟಿರಿ!” ಎಂದು ವೈದ್ಯರು ನಕ್ಕರು. ನನಗೆ ನಗು ಬರಲಿಲ್ಲ. ಜೀವಶಾಸ್ತ್ರವನ್ನು ಓದಿದವನೇ ಹೀಗೆ ಮಾಡಿದರೆ ಓದದವರ ಪಾಡೇನು? ಮೂರು ದಿನವೆಂದರೆ ನನಗೆ ಕೇವಲ ಮೂರು ದಿನ. ಆ ಜೀವಿಗೆ ಅದು ತಲೆಮಾರುಗಳ ಕಾಲ.

ಆದುದರಿಂದ ತಾಯಂದಿರಲ್ಲಿ ವಿಶೇಷವಾಗಿ ಬೇಡುತ್ತೇನೆ. ಇಂತಹ ಔಷಧವನ್ನು ವೈದ್ಯರು ಕೊಟ್ಟಾಗ 그ವರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಸೇವಿಸಿರಿ. ನೆಗಡಿಗೆಂದು ಅಂಗಡಿಯಿಂದ ತಾವಾಗಿ ಕೊಂಡು ತರಬೇಡಿರಿ. ಒಬ್ಬರಿಗೆ ಕೊಟ್ಟುದನ್ನು ಮತ್ತೊಬ್ಬರಿಗೆ ಕೊಡಬೇಡಿರಿ. ಹಾಗೆಯೇ ತಮ್ಮ ಹೊಲದ ಬದುವಿನಲ್ಲಾಗಲಿ ಊರಿನ ಗುಂಡುತೋಪಿನಲ್ಲಾಗಲಿ ಅಜ್ಜನ ಕಾಲದ ಮರವಿದ್ದರೆ, ಅದಕ್ಕೆ ಕೊಡಲಿಯಿಡುವ ಮೊದಲು ಅದರ ಬಳೆಗಳನ್ನು ಮನಸ್ಸಿನಲ್ಲಿಯೇ ಎಣಿಸಿರಿ. ನಿಧಾನವಾಗಿ ಬಂದುದರ ಮುಂದೆ ಅವಸರಪಡಬಾರದು. ಬೇಗ ಕಲಿಯುವುದರ ಮುಂದೆ ಅಸಡ್ಡೆಮಾಡಬಾರದು. ನಾನು ಇಂದು ಹೇಳಬೇಕೆಂದು ಬಂದ ಮಾತು ಇಷ್ಟೇ.

ಕೊನೆಯದಾಗಿ ಒಂದು ಸಂಗತಿಯನ್ನು ತಿಳಿಸಿ ಮುಗಿಸುತ್ತೇನೆ. ಈ ಮರಕ್ಕೂ ಈ ಅಣುಜೀವಿಗೂ ಏನೂ ಸಂಬಂಧವಿಲ್ಲವೆಂದು ತಮಗೆ ತೋರಿರಬಹುದು. ನಿಜವು ಹಾಗಿಲ್ಲ. ಎರಡರ ಗ್ರಂಥಗಳೂ ಒಂದೇ ಲಿಪಿಯಲ್ಲಿ ಬರೆದುವು. ಅಷ್ಟೇ ಅಲ್ಲ, ಮರದ ಸೂಜಿಯೆಲೆಯೊಳಗೆ ಬಿಸಿಲನ್ನು ಅನ್ನವಾಗಿ ಮಾಡುವ ಹಸುರು ಕಣಿಕೆಗಳೂ, ಆ ಅನ್ನವನ್ನು ಶಕ್ತಿಯಾಗಿ ಮಾಡುವ ಮತ್ತೊಂದು ಬಗೆಯ ಕಣಿಕೆಗಳೂ ಒಂದಾನೊಂದು ಕಾಲದಲ್ಲಿ ಸ್ವತಂತ್ರವಾಗಿ ಬಾಳುತ್ತಿದ್ದ ಬ್ಯಾಕ್ಟೀರಿಯಾಗಳೇ. ೧೯೬೭ರಲ್ಲಿ ಲಿನ್ ಮಾರ್ಗುಲಿಸ್ ಎಂಬ ವಿದುಷಿಯು ಇದನ್ನು ಪ್ರತಿಪಾದಿಸಿದಾಗ ಅನೇಕರು ಒಪ್ಪಲಿಲ್ಲ. ಅನಂತರ ದೊರೆತ ಪ್ರಮಾಣಗಳಿಂದ ಈಗ ಲೋಕವೇ ಒಪ್ಪಿದೆ. ಶಕ್ತಿಯನ್ನು ಕೊಡುವ ಆ ಕಣಿಕೆಗಳ ಮೂಲಪುರುಷನು ನಮ್ಮ ಎಷೆರಿಷಿಯಾ ಕೋಲೈಗೆ ದೂರದ ದಾಯಾದಿಯೇ ಆಗಬೇಕು. ಐದು ಸಾವಿರ ವರ್ಷದ ಆ ಸ್ಥಾವರದೊಳಗೆ ಉಸಿರಾಡುತ್ತಿರುವುದು ಹಿಂದೆ ಜಂಗಮವಾಗಿ ಅಲೆದದ್ದೇ. ನಿಂತದ್ದು ನಡೆದುದರಿಂದ ಬಾಳಿದೆ. ನಡೆದದ್ದು ನಿಂತುದರಲ್ಲಿ ನೆಲೆಗೊಂಡಿದೆ. ಬಾಳುವ ಬಗೆಗಳು ಎಷ್ಟೆಂಬ ಪ್ರಶ್ನೆಗೆ ಪ್ರಕೃತಿಯು ಕೊಡುವ ಉತ್ತರವು ಇದೇ ಇರಬಹುದು.